ಎದುರುಪಕ್ಷದ ತಮ್ಮ

ನನ್ನ ತಮ್ಮ ನಗರದ ಮೇಯರ್ ಆದ ದಿನ ನಮ್ಮ ಮಾರುಕಟ್ಟೆ ಕಟ್ಟಡದವರೆಲ್ಲ ನನ್ನ ಹೊಲಿಗೆ ಅಂಗಡಿಗೆ ಬಂದು ಕೈಕುಲುಕಿ ಹೋದರು, ಗೆದ್ದವಳು ನಾನೇ ಎಂಬಂತೆ. ನಾನೂ ಉಬ್ಬಿಹೋದೆ. ಅವನು ವಕೀಲನಾದಾಗ ಮೊದಲ ಕರಿಕೋಟು ಹೊಲಿದುಕೊಟ್ಟವಳು ನಾನು. ತೋಳು ಉದ್ದವಾಯಿತೆಂದು ಗೊಣಗಿದಾಗ ತಲೆಗೆ ಮೊಟಕಿದವಳೂ ನಾನೇ.

ಆ ಕೋಟಿನಲ್ಲೇ ಅವನು ಹೆಸರು ಮಾಡಿದ್ದು. ಹಿಂದೊಬ್ಬ ಮೇಯರ್ ತನ್ನ ಭಾವನ ಶಿಥಿಲ ಕಟ್ಟಡವನ್ನು ಕೆಡವದಂತೆ ನಗರದ ಎಂಜಿನಿಯರನ ಕೈ ಕಟ್ಟಿಹಾಕಿದ್ದ. ಅದು ಕುಸಿದು ಇಬ್ಬರು ಸತ್ತರು. ಸತ್ತವರ ಪರವಾಗಿ ತಮ್ಮ ವಾದಿಸಿ ಗೆದ್ದ: ಅಪಾಯದ ಕಟ್ಟಡದ ವಿಷಯದಲ್ಲಿ ಎಂಜಿನಿಯರನ ಮಾತೇ ಕೊನೆ, ಮೇಯರ್ ತಲೆಹಾಕುವಂತಿಲ್ಲ. ಆ ತೀರ್ಪನ್ನು ನೋಡಿಯೇ ಜನ ಅವನಿಗೆ ಓಟು ಹಾಕಿದ್ದು.

ಕಳೆದ ತಿಂಗಳು ಎಂಜಿನಿಯರ್ ನಮ್ಮ ಗೋಡೆಗೂ, ಕಟ್ಟಡ ಅಪಾಯದ್ದು, ಕೆಡವಬೇಕು ಎಂಬ ನೋಟಿಸು ಅಂಟಿಸಿದ. ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಗಂಟುಮೂಟೆ ಕಟ್ಟತೊಡಗಿದ. ನಾನು ಬಿಡಬೇಕಲ್ಲ! ನನ್ನ ತಮ್ಮ ಇರುವಾಗ ಯಾರೂ ಒಂದು ಇಟ್ಟಿಗೆ ಅಲ್ಲಾಡಿಸಲಾರರು ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೆ. ನನ್ನ ಮಾತು ನಂಬಿ ಆ ಮನುಷ್ಯ ಬೇರೆ ಕಡೆ ಸಿಕ್ಕಿದ್ದ ಮಳಿಗೆಯನ್ನೂ ಬಿಟ್ಟುಕೊಟ್ಟ.

ಆಮೇಲೆ ತಮ್ಮನ ಕಚೇರಿಗೆ ಹೋದೆ. ಗೋಡೆಯ ಬಿರುಕುಗಳು ಹಳೆಯವು, ದುರಸ್ತಿ ಮಾಡಿದರೆ ಸಾಕು ಎಂದೆ. ಅವನಿಗೂ ಹಾಗೇ ಅನ್ನಿಸಿತ್ತಂತೆ. ಎಂಜಿನಿಯರನ್ನು ಕರೆಸಿ ಕೇಳಿಯೂ ನೋಡಿದ್ದನಂತೆ. ಎಂಜಿನಿಯರ್, ತಮ್ಮ ವಾದಿಸಿ ಗೆದ್ದ ತೀರ್ಪನ್ನೇ ತಮ್ಮನಿಗೆ ಓದಿ ಹೇಳಿ ಎದ್ದುಹೋದನಂತೆ.

"ಹಾಗಾದ್ರೆ ಆ ಕೋಟು ಹಾಕ್ಕೊಂಡು ಕೋರ್ಟಿಗೆ ನಡಿ," ಎಂದೆ. "ನಮ್ಮ ಪರ ವಾದ ಮಾಡು."

"ಹೇಗಕ್ಕ ಮಾಡ್ಲಿ? ನೀವೆಲ್ಲ ನಗರದ ಮೇಲೆ ಕೇಸು ಹಾಕಿದ್ರೆ ಎದುರುಪಕ್ಷ ಮೇಯರ್, ಅಂದ್ರೆ ನಾನೇ."

ಕುರ್ಚಿ ಬಿಟ್ಟು ಬಾ ಎಂದೆ. ಬಿಟ್ಟರೂ ತೀರ್ಪು ಹಾಗೇ ಇರುತ್ತದೆ, ಯಾವ ಮೇಯರೂ ನುಸುಳದ ಹಾಗೆ ಆ ಕೇಸಿನಲ್ಲಿ ತಾನೇ ಸಂದುಗೊಂದು ಮುಚ್ಚಿಸಿದ್ದಾಗಿ ಹೇಳಿದ. ಅವನ ಕಣ್ಣು ಕೆಂಪಾಗಿತ್ತು. ನನಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು.

ಕೆಡವುವ ಯಂತ್ರ ಬಂದ ಬೆಳಿಗ್ಗೆ ಅವನೂ ಬಂದ. ಯಾರನ್ನೂ ತಡೆಯಲಿಲ್ಲ. ನನ್ನ ಹೊಲಿಗೆ ಮಿಷನ್ನನ್ನು ತಾನೇ ಹೊತ್ತು ರಸ್ತೆಯಂಚಿಗೆ ತಂದಿಟ್ಟ. ಗಡಿಯಾರದವನು ತನ್ನ ಡಬ್ಬಗಳ ನಡುವೆ ನಿಂತು ನಮ್ಮಿಬ್ಬರನ್ನೂ ನೋಡಿದ. ನಾಲ್ಕು ಮಾತು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗೋಡೆ ಬಿತ್ತು. ತಮ್ಮ ನನ್ನ ಪಕ್ಕ ಕುಕ್ಕರಿಸಿದ.

"ಅಕ್ಕಾ, ಏನಾದ್ರೂ ಬೈಯಿ," ಎಂದ.

ಅವನನ್ನು ಬೈದೇ ಬೆಳೆಸಿದವಳು ನಾನು. ಅವತ್ತು ಮಾತ್ರ ಅವನ ಅಂಗಿಯ ಮೇಲೆ ಕೂತ ಸುಣ್ಣದ ಧೂಳನ್ನು ಕೊಡವುತ್ತಾ ಕುಳಿತೆ.