ಮೋರಾಳ ಉಪವಾಸ

ಸೆವೆರೀನೊನ ನಾಯಿ ಮೋರಾ ಯಜಮಾನನ ಕೈಯಿಂದಲ್ಲದೆ ಇನ್ನೊಬ್ಬರ ಕೈಯಿಂದ ಒಂದು ತುಣುಕನ್ನೂ ಮುಟ್ಟುವುದಿಲ್ಲ ಎನ್ನುವುದು ಮೆತಾವ್ರೊ ಹೊಳೆಯ ಈಚೆ ದಡದ ಊರುಗಳಿಗೆಲ್ಲ ಗೊತ್ತಿದ್ದ ಸಂಗತಿ. ಪ್ರತಿ ವರ್ಷ ಆಗಸ್ಟ್ ನಡುವಿನ ಹಬ್ಬದ ದಿನ ಅದನ್ನು ಪರೀಕ್ಷೆ ಮಾಡಿ ನೋಡುವುದೇ ಆ ಮನೆಯವರಿಗೆ ಒಂದು ಮೋಜು.

ಹೊಳೆದಂಡೆಯ ಮರಗಳ ಕೆಳಗೆ ಉದ್ದನೆಯ ಮೇಜು ಹಾಕಿರುತ್ತಿದ್ದರು. ಕಲ್ಲಂಗಡಿಗಳು ಬೆಳಿಗ್ಗೆಯಿಂದಲೇ ನೀರಿನಲ್ಲಿ ತಣ್ಣಗಾಗುತ್ತಿದ್ದವು. ಕಾಡುಸೋಂಪು ತುಂಬಿ ಸುಟ್ಟ ಹಂದಿಯ ಘಮ ಆಚೆ ದಡಕ್ಕೂ ಹೋಗುತ್ತಿತ್ತು. ಮೋರಾ ಮಕ್ಕಳ ಜೊತೆ ನೀರಿಗೆ ಬಿದ್ದು, ಮೇಲೆ ಬಂದು, ಸರಿಯಾಗಿ ಊಟದ ಮೇಜಿನ ಪಕ್ಕದಲ್ಲೇ ನಿಂತು ತನ್ನ ಕಂದು ಗುಂಗುರು ಮೈಯನ್ನು ಕೊಡವಿ ಎಲ್ಲರಿಗೂ ಸ್ನಾನ ಮಾಡಿಸುತ್ತಿದ್ದಳು. ಬೈಯುವವರು ಬೈಯುತ್ತಿದ್ದರು, ಮಕ್ಕಳು ಕುಣಿಯುತ್ತಿದ್ದರು. ಆಮೇಲೆ ಅಲ್ದೊ ಎದ್ದು ನಿಲ್ಲುತ್ತಿದ್ದ. ಅಲ್ದೊ ಸೆವೆರೀನೊನ ಹೆಂಡತಿ ಎರ್ಸೀಲಿಯಾಳ ತಮ್ಮ. ಎರಡು ಲೋಟ ವೈನ್ ಒಳಗೆ ಹೋದರೆ ಅವನ ಬಾಯಿಗೆ ಲಗಾಮಿಲ್ಲ.

"ಮೋರಾ, ನನ್ ಚಿನ್ನಾ, ಇಲ್ನೋಡೇ! ಗರಿಗರಿ ಹಂದಿ ಚರ್ಮ! ನಿಮ್ ಜಿಪುಣ ಯಜಮಾನ ಯಾವತ್ತಾದ್ರೂ ಕೊಟ್ಟಿದಾನಾ ಇಂಥದ್ದು?"

ಮೋರಾಳ ಬಾಯಿಂದ ಜೊಲ್ಲು ದಾರವಾಗಿ ಇಳಿಯುತ್ತಿತ್ತು. ಆದರೆ ಅವಳು ಕುಳಿತಲ್ಲೇ ಕುಳಿತು ಸೆವೆರೀನೊನ ಕಡೆ ನೋಡುತ್ತಿದ್ದಳು.

"ನಿಂದು! ನಿಂದು ಕಣೇ! ತಿನ್ನೇ ಮಾರಾಯ್ತಿ! ಭಾವಾ, ಪೋಪ್ ಬಂದು ಕೊಟ್ರೂ ತಿನ್ನಲ್ವೇನೋ ಇವ್ಳು?"

"ಬರ್ಲಿ ಬಿಡು. ಮೊದ್ಲು ಅವ್ರನ್ನ ಮೂಸ್ತಾಳೆ, ಆಮೇಲೆ ನನ್ ಮುಖ ನೋಡ್ತಾಳೆ."

ಮೇಜಿನ ಸುತ್ತ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಸೆವೆರೀನೊ ಅದೇ ತುಂಡನ್ನು ಅಲ್ದೊನ ಕೈಯಿಂದ ತೆಗೆದುಕೊಂಡು ತನ್ನ ಅಂಗೈ ಮೇಲಿಟ್ಟು, ಬೇಕೆಂದೇ ಸ್ವಲ್ಪ ತಡೆದು, ಮೆಲ್ಲಗೆ "ನಿಂದು" ಅನ್ನುತ್ತಿದ್ದ. ಕಣ್ಣು ಮಿಟುಕಿಸುವುದರೊಳಗೆ ಅಂಗೈ ಖಾಲಿ. ಅವನ ಮುಖದ ಜಂಬ ನೋಡಬೇಕಿತ್ತು.

ಇದೇನೂ ತೋರಿಕೆಗಾಗಿ ಕಲಿಸಿದ ವಿದ್ಯೆಯಲ್ಲ. ಸೆವೆರೀನೊ ನೆಲದೊಳಗೆ ಬೆಳೆಯುವ ಟ್ರಫಲ್ ಅಣಬೆಯನ್ನು ನಾಯಿಯ ಮೂಗಿನಿಂದ ಹುಡುಕಿಸಿ ಅಗೆಯುವ ಕಸುಬಿನವನು. ಆ ಕಸುಬಿನಲ್ಲಿ ಹೊಟ್ಟೆಕಿಚ್ಚು ಎನ್ನುವುದು ಅಣಬೆಗಿಂತ ಚೆನ್ನಾಗಿ ಬೆಳೆಯುತ್ತದೆ. ಮೋರಾಳಿಗಿಂತ ಮೊದಲು ಲಿಲ್ಲಾ ಎಂಬ ನಾಯಿ ಇತ್ತು. ಓಕ್ ಮರಗಳ ಕೆಳಗೆ ಯಾರೋ ವಿಷ ಬೆರೆಸಿದ ಮಾಂಸದ ಉಂಡೆ ಎಸೆದು ಹೋಗಿದ್ದರು. ಲಿಲ್ಲಾಳನ್ನು ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ಬಂದ ದಿನ ಸೆವೆರೀನೊ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಿದ್ದನ್ನು ಎರ್ಸೀಲಿಯಾ ಯಾರಿಗೂ ಹೇಳಿಲ್ಲ. ವಿಷ ಹಾಕಿದವನು ಯಾರು ಎನ್ನುವುದು ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟವರು ಯಾರೂ ಇಲ್ಲ.

ಮೋರಾ ಮುಷ್ಟಿಯಷ್ಟಿದ್ದಾಗಲೇ ಪಾಠ ಶುರುವಾಯಿತು. ಪಾಠದಲ್ಲಿ ಇದ್ದದ್ದು ಎರಡೇ ಮಾತು. ನೆಲದಲ್ಲಿ ಬಿದ್ದದ್ದು, ಪರರು ಚಾಚಿದ್ದು ಏನೇ ಇರಲಿ, "ಬಿಡು". ತಾನು ಕೊಟ್ಟದ್ದಾದರೆ, "ನಿಂದು". ಕಾಡಿನಲ್ಲಿ ಹೆಜ್ಜೆ ಹೆಜ್ಜೆಗೂ ಬಿಡು, ದಾರಿಯಲ್ಲಿ ಬಿಡು, ಸಂತೆಯಲ್ಲಿ ಬಿಡು. "ನೀನು ನಿದ್ದೇಲೂ ಬಿಡು ಬಿಡು ಅಂತೀಯಲ್ಲೋ, ನಾನೇನು ಹಿಡ್ಕೊಂಡಿದೀನಿ ನಿನ್ನ?" ಎಂದು ಎರ್ಸೀಲಿಯಾ ರೇಗಿಸುತ್ತಿದ್ದಳು. ಅವಳಿಗೂ ಒಳಗೊಳಗೆ ಸ್ವಲ್ಪ ಬೇಜಾರೇ. ಚಳಿಗಾಲವೆಲ್ಲ ಮೋರಾ ಮಲಗುತ್ತಿದ್ದದ್ದು ಎರ್ಸೀಲಿಯಾಳ ಕಾಲಿನ ಮೇಲೆ. ಗಾಯವಾದರೆ ಔಷಧಿ ಹಚ್ಚಿಸಿಕೊಳ್ಳುತ್ತಿದ್ದದ್ದು ಎರ್ಸೀಲಿಯಾಳ ಹತ್ತಿರ. ತಿನ್ನುವುದಕ್ಕೆ ಮಾತ್ರ ಅವನೇ ಬೇಕು. ಒಮ್ಮೆ ಸೆವೆರೀನೊ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಬರುವ ತನಕ ನಾಯಿ ಉಪವಾಸ ಕೂತಿತು. ಅವನು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಊರೆಲ್ಲ ಹೇಳಿಕೊಂಡು ಬಂದ. ಎರ್ಸೀಲಿಯಾ ಕೂಡ ಬ್ರೆಡ್ ಅಂಗಡಿಯಲ್ಲಿ ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಅದು ಹೆಮ್ಮೆಪಡುವ ಸಂಗತಿಯಲ್ಲ ಎಂದು ಆಗ ಯಾರಿಗೆ ತೋಚಬೇಕು?

ಬಿಳಿ ಟ್ರಫಲ್ ಅಣಬೆಯ ಸುಗ್ಗಿ ನಡೆದಿದ್ದ ನವೆಂಬರ್‌ನಲ್ಲಿ, ಬೂಟಿನ ದಾರ ಕಟ್ಟಲು ಬಗ್ಗಿದ ಸೆವೆರೀನೊ ಹಾಗೆಯೇ ಮಗ್ಗುಲಿಗೆ ಬಿದ್ದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗಡೆಯ ಕೈಕಾಲು ಹೋದವು, ಅವುಗಳ ಜೊತೆಗೆ ಮಾತೂ ಹೋಯಿತು, ಒಂದೇ ಒಂದು ಮಾತನ್ನು ಬಿಟ್ಟು.

ಎರ್ಸೀಲಿಯಾ ಅವನ ಕೈ ಹಿಡಿದುಕೊಂಡು ಕೂತಿದ್ದಾಗ ಅದು ಮೊದಲು ಬಂದದ್ದು. "ಬಿಡು," ಎಂದ. ಅವಳು ಗಾಬರಿಯಿಂದ ಕೈ ಬಿಟ್ಟಳು. ಅವನು ಎಡಗೈಯಿಂದ ಅವಳ ತೋಳು ಎಳೆದುಕೊಂಡು ಮತ್ತೆ "ಬಿಡು, ಬಿಡು" ಎಂದ. ನೀರಿಗೂ ಬಿಡು, ದಿಂಬಿಗೂ ಬಿಡು. ಮಗಳು ಲೊರೆದಾನಾ ಹಣೆಗೆ ಮುತ್ತಿಟ್ಟಾಗ ಕಣ್ಣಲ್ಲಿ ನೀರು ತುಂಬಿಕೊಂಡು, "ಬಿಡು."

"ಇದು ಹೀಗಾಗತ್ತೆ ಅಮ್ಮ," ಎಂದಳು ನರ್ಸ್. "ಹೇಳ್ಬೇಕು ಅಂತ ಅನ್ಕೊಂಡಿರೋದು ಬೇರೆ, ಬಾಯಿಗೆ ಬರೋದು ಬೇರೆ. ಜನ್ಮವೆಲ್ಲ ಆಡಿ ಆಡಿ ಸವೆದಿರೋ ಮಾತೊಂದೇ ಉಳ್ಕೊಂಡಿರತ್ತೆ."

ಮನೆಯಲ್ಲಿ ಮೋರಾ ಬಾಗಿಲ ಹತ್ತಿರ ಅವನ ಬೂಟುಗಳ ಪಕ್ಕ ಮಲಗಿದ್ದಳು. ಬಟ್ಟಲು ತುಂಬಿದ್ದು ತುಂಬಿದ ಹಾಗೇ ಇತ್ತು. ಎರ್ಸೀಲಿಯಾ ಸಾರಿನಲ್ಲಿ ನೆನೆಸಿದ ಬ್ರೆಡ್ ಇಟ್ಟಳು, ಲಿವರ್ ಬೇಯಿಸಿಟ್ಟಳು, ಮೊಟ್ಟೆ ಒಡೆದು ಹಾಕಿದಳು. "ನಿಂದು ಮಗಳೇ, ಎಲ್ಲಾ ನಿಂದೇ, ತಿನ್ನಮ್ಮಾ" ಎಂದಳು. ಮೋರಾ ಅವಳ ಕೈ ನೆಕ್ಕಿದಳು, ಕೈಯಲ್ಲಿದ್ದದ್ದನ್ನು ಮುಟ್ಟಲಿಲ್ಲ. ನೀರು ಮಾತ್ರ ಅಷ್ಟಿಷ್ಟು ಕುಡಿದಳು. ಅಲ್ದೊ ಭಾವನ ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು, ದನಿ ಒರಟು ಮಾಡಿಕೊಂಡು "ನಿಂದು" ಎಂದ. ಹಬ್ಬದ ದಿನ ಅಷ್ಟು ನಗಿಸಿದ ಆಟ ಅದೇ. ಈಗ ಮೋರಾ ತಲೆಯನ್ನೂ ಎತ್ತಲಿಲ್ಲ. ಅವನು ಕೋಟು ಕಳಚಿಟ್ಟು ಹೊರಗೆ ಹೋಗಿ ನಿಂತ.

ಲೊರೆದಾನಾಳ ಫೋನಿನಲ್ಲಿ ಆಗಸ್ಟ್ ತಿಂಗಳ ವಿಡಿಯೊ ಇತ್ತು. ಅದನ್ನು ಹಾಕಿದಳು. ನಗುವಿನ ಗದ್ದಲದ ನಡುವೆ ಸೆವೆರೀನೊನ ದನಿ ಸ್ಪಷ್ಟವಾಗಿ ಕೇಳಿತು: ನಿಂದು. ಮೋರಾ ಚಂಗನೆ ಎದ್ದಳು. ಮೇಜಿನ ಕೆಳಗೆ ನೋಡಿದಳು, ಮಂಚದ ಕೆಳಗೆ ನೋಡಿದಳು, ಅಂಗಳಕ್ಕೆ ಓಡಿ ಕಾರು ಮೂಸಿದಳು. ಕತ್ತಲಾಗುವ ತನಕ ಗೇಟಿನ ಹತ್ತಿರ ನಿಂತೇ ಇದ್ದಳು.

"ಆರಿಸಮ್ಮಾ ಅದನ್ನ," ಎಂದಳು ಎರ್ಸೀಲಿಯಾ. "ಇನ್ನೊಂದ್ಸಲ ಹಾಕ್ಬೇಡ."

ಪಶುವೈದ್ಯೆ ಡ್ರಿಪ್ ಹಾಕಿದಳು, ದವಡೆ ಅಗಲಿಸಿ ಪೇಸ್ಟ್ ಒಳಗೆ ತಳ್ಳಿದಳು. ಮೋರಾ ಕೊಸರಾಡಲಿಲ್ಲ, ಕಚ್ಚಲಿಲ್ಲ. ಕೈ ತೆಗೆದ ಕೂಡಲೇ ಅಷ್ಟನ್ನೂ ಮೆಲ್ಲಗೆ ನೆಲದ ಮೇಲೆ ಉಗುಳಿ, ತಪ್ಪು ಮಾಡಿದವಳ ಹಾಗೆ ಕಿವಿ ಇಳಿಬಿಟ್ಟಳು. ಗಂಟಲಿಗೆ ನಳಿಕೆ ಇಳಿಸಿದರೆ ವಾಂತಿಯಾಯಿತು.

"ವಯಸ್ಸಾಗಿದೆ, ಕಿಡ್ನಿ ಸೋತಿವೆ," ಎಂದಳು ವೈದ್ಯೆ. "ಇನ್ನೂ ಹಿಂಸೆ ಮಾಡಿದ್ರೆ ಅದ್ರಿಂದ್ಲೇ ಹೋಗ್ಬಿಡ್ತಾಳೆ. ಅವ್ರ ಹತ್ರಾನೇ ಕರ್ಕೊಂಡು ಹೋಗ್ನೋಡಿ. ತಡ ಮಾಡ್ಬೇಡಿ."

ಆಸ್ಪತ್ರೆಯ ಅಂಗಳಕ್ಕೆ ನಾಯಿಯನ್ನು ತರಲು ಅನುಮತಿ ಸಿಕ್ಕಿತು. ಅಲ್ಲಿ ರೋಗಿಗಳಿಗೆ ಮತ್ತೆ ಮಾತು ಕಲಿಸುವ ಹುಡುಗಿ ಕೂಡ ಹುರುಪಿನಿಂದ, "ತುಂಬಾ ಪ್ರೀತಿಯವ್ರನ್ನ ನೋಡ್ದಾಗ ಕೆಲವ್ರಿಗೆ ಮಾತು ಬಂದ್ಬಿಡತ್ತೆ, ನಾನೇ ನೋಡಿದೀನಿ" ಎಂದಳು. ಎರ್ಸೀಲಿಯಾ ಆ ಮಾತನ್ನೇ ಜೀವದ ಹಾಗೆ ಹಿಡಿದುಕೊಂಡಳು. ಗೋಮಾಂಸ ಬೇಯಿಸಿ, ಸಣ್ಣಗೆ ಹೆಚ್ಚಿ, ಬಿಸಿ ಆರದಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ಮೋರಾಳ ತಲೆ ಅವಳ ತೊಡೆಯ ಮೇಲಿತ್ತು.

ಸೆವೆರೀನೊನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಮೋರಾ ಮೂಗೆತ್ತಿದಳು. ಆಮೇಲೆ ಬಾಲ ಆಡಿತು, ಮೈಯೆಲ್ಲ ಆಡಿತು. ಎದ್ದು, ಎಡವಿ, ಮತ್ತೆ ಎದ್ದು ಹೋಗಿ ಅವನ ಮಡಿಲಲ್ಲಿ ಮುಖ ಹುದುಗಿಸಿ ಕುಂಯ್‌ಗುಟ್ಟಿದಳು. ಅವನು ಎಡಗೈಯಿಂದ ಅವಳ ಬೆನ್ನು ಸವರಿದ. ಕೈ ಎಲುಬುಗಳ ಮೇಲೆ ಹೋದಲ್ಲಿ ನಿಂತುಬಿಟ್ಟಿತು. ಹೆಂಡತಿಯ ಕಡೆ ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು.

"ನೀನು ಕೊಡೋ," ಎಂದು ಎರ್ಸೀಲಿಯಾ ಮಾಂಸದ ತುಂಡನ್ನು ಅವನ ಎಡ ಅಂಗೈಯಲ್ಲಿಟ್ಟಳು. "ನೀನು ಹೇಳಿದ್ರೆ ತಿಂತಾಳೆ. ಒಂದೇ ಒಂದ್ಸಲ ಹೇಳು."

ಅವನು ಅಂಗೈ ಚಾಚಿದ. ಮೋರಾ ಮೂಗು ಹತ್ತಿರ ತಂದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ನೀರೂರಿತು. ತಲೆಯೆತ್ತಿ ಅವನ ಮುಖ ನೋಡುತ್ತ ಕಾದಳು. ಸೆವೆರೀನೊ ಉಸಿರು ಎಳೆದುಕೊಂಡ. ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರು ಮೂಡಿತು, ತುಟಿಗಳು ಆ ಮಾತನ್ನು ಹುಡುಕಿದವು.

"ಬಿಡು," ಎಂದ.

ಮೋರಾ ಮೂಗು ಹಿಂದೆ ತೆಗೆದುಕೊಂಡಳು.

ಅವನು ಅಲ್ಲ ಅಲ್ಲ ಎಂದು ತಲೆಯಾಡಿಸಿದ. ಕೈಯನ್ನು ಇನ್ನೂ ಮುಂದೆ ಚಾಚಿದ. "ಬಿಡು," ಎಂದ, ಬೇಡಿಕೊಳ್ಳುವ ದನಿಯಲ್ಲಿ. "ಬಿಡು... ಬಿಡು!" ಮೋರಾ ಒಂದು ಹೆಜ್ಜೆ ಹಿಂದೆ ಸರಿದು ಕುಳಿತಳು. ಅವನು ಅಳತೊಡಗಿದ, ಅಳುತ್ತಲೇ ಮತ್ತೆ ಮತ್ತೆ ಅದನ್ನೇ ಹೇಳಿದ. ಎರ್ಸೀಲಿಯಾಳಿಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಗಂಡನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಅವಳ ಕೈಯ ಕೆಳಗೂ ಅವನ ತುಟಿಗಳು ಅದೇ ಮಾತನ್ನು ಆಡುತ್ತಿದ್ದವು. "ಕೇಳಿಸ್ಕೋಬೇಡ್ವೇ ಮೋರಾ," ಎಂದಳು. "ಅವ್ನು ಅದನ್ನ ಹೇಳ್ತಿಲ್ಲ ಕಣೇ, ಅದಲ್ಲ ಅವ್ನು ಹೇಳ್ತಿರೋದು. ತಿನ್ನೇ, ನಿನ್ನ ದಮ್ಮಯ್ಯ!"

ಮೋರಾ ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿಕೊಂಡಳು. ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಮುದುಕರೊಬ್ಬರು, "ಎಂಥ ಮಾತು ಕೇಳೋ ನಾಯಿ ನೋಡಿ!" ಎಂದು ಪಕ್ಕದವರಿಗೆ ಹೇಳಿದರು.

ಆ ವಾರವೇ ಮೋರಾ ಹೋದಳು, ಎರ್ಸೀಲಿಯಾಳ ಕಾಲಿನ ಮೇಲೆ ಮಲಗಿದ್ದ ಹಾಗೆಯೇ. ಅಲ್ದೊ ಹಿತ್ತಲಿನಲ್ಲಿ ಗುಂಡಿ ತೋಡಿದ. ತಾನೇ ಮಣ್ಣು ಎಳೆದು ಮುಚ್ಚಿದ.

ಮಾರನೆಯ ದಿನ ಎರ್ಸೀಲಿಯಾ ಆಸ್ಪತ್ರೆಗೆ ಹೋದಾಗ ಸೆವೆರೀನೊ ಅವಳ ಮುಖವನ್ನು ಒಂದು ಸಲ ನೋಡಿದ, ಅಷ್ಟೇ. ಅವಳು ಸುಳ್ಳು ಹೇಳೋಣವೆಂದು ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ವ್ಯರ್ಥವಾಯಿತು. ಅವತ್ತಿನಿಂದ ಅವನು ಆ ಒಂದು ಮಾತನ್ನೂ ಆಡುವುದನ್ನು ನಿಲ್ಲಿಸಿದ. ಮಾತು ಕಲಿಸುವ ಹುಡುಗಿ ಚಿತ್ರಗಳನ್ನು ತೋರಿಸಿದಳು, ಹಾಡಿ ನೋಡಿದಳು, ಕೊನೆಗೆ ಕೈಚೆಲ್ಲಿದಳು. "ಅವ್ರಿಗೆ ಆಗಲ್ಲ ಅಂತಲ್ಲ ಅಮ್ಮ. ಅವ್ರು ಬಾಯೇ ತೆಗೀತಿಲ್ಲ. ಹೀಗೆ ಕೂತ್ರೆ ಇರೋದೂ ಹೋಗ್ಬಿಡತ್ತೆ."

ಎಲ್ಲರೂ ಹೋದ ಮೇಲೆ ಎರ್ಸೀಲಿಯಾ ಮಂಚದ ಅಂಚಿನಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಳು.

"ಹೇಳೋ," ಎಂದಳು. "ಬಿಡು ಅಂತಾನೇ ಹೇಳು. ನಂಗೇ ಹೇಳು. ನಾನು ಬಿಡಲ್ಲ, ಆಣೆ. ನಿನ್ನ ದನಿ ಕೇಳಿದ್ರೆ ಸಾಕು ನಂಗೆ."

ಸೆವೆರೀನೊ ಎಡಗೈಯಿಂದ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಾಯಿ ತೆರೆಯಲಿಲ್ಲ.