ಸೋಮವಾರದ ಧಾಟಿ

"ಮೊಳಿ ಗಟ್ಟಿ ಐತೇನ ನೋಡೂಣು," ಎಂದು ಪಕ್ಕದ ಮನೆಯ ಬಸಲಿಂಗಪ್ಪ ಧೋತರದ ತುದಿಯನ್ನು ಗೋಡೆಯ ಮೊಳೆಗೆ ಬಿಗಿದು ಜಗ್ಗಿದ. ಮೊಳೆ ಅಲುಗಲಿಲ್ಲ. ನಾಲ್ಕು ಜನ ಸೇರಿ ಗುರುಪುತ್ರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಎರಡು ಸಲ ವಾಲಿದ. ಬದುಕಿದ್ದಾಗಲೂ ಒಂದು ಮಾತಿಗೆ ಒಪ್ಪಿದವನಲ್ಲ. ಮೂರನೆಯ ಸಲಕ್ಕೆ ನೆಟ್ಟಗೆ ಕುಳಿತ. ಹಣೆಗೆ ವಿಭೂತಿ ಹಚ್ಚಿದರು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದರು.

ಖಾಸಬಾಗದ ಆ ಓಣಿಯಲ್ಲಿ ಮಗ್ಗಗಳೆಲ್ಲ ಬೆಳಗಿನಿಂದ ನಿಂತಿದ್ದವು. ಗುರುಪುತ್ರಪ್ಪನ ಹೆಂಡತಿ ಬಾಳವ್ವ ಗಂಡನ ಎದುರು ಕೂತಿದ್ದಳು. ಅವಳ ತಮ್ಮ ಮಾಯಪ್ಪ ಸುದ್ದಿ ಮುಟ್ಟಿದ್ದೇ ತಡ ಖಾನಾಪುರದಿಂದ ರೈಲು ಹತ್ತಿ ಬಂದಿದ್ದ.

"ಅಕ್ಕಾ, ಬಿಸಲ ಏರಾಕತ್ತೈತಿ. ಎತ್ತೂದು ಯಾವಾಗ?"

"ಮಠದ ಭಜನಿ ಬರೂತನಕಾ ನಾ ಎತ್ತಾಕ ಬಿಡೂದಿಲ್ಲ."

"ಅವರು ಬರತಾರೇನ?"

ಬಾಳವ್ವ ಗಂಡನ ಕೊರಳ ಮಾಲೆ ನೆಟ್ಟಗೆ ಮಾಡಿದಳು. ಭಜನೆಯಿಲ್ಲದೆ ಹೆಣ ಓಣಿ ದಾಟಿದರೆ ಅದು ಸತ್ತವನಿಗೆ ಮಾಡಿದ ಅವಮಾನ. ಗಂಡ ಹದಿನೆಂಟು ವರ್ಷ ಸೋಮವಾರ ತಪ್ಪಿಸದೆ ಅದೇ ಮಠದ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸಿದವನು. ನಾಲ್ಕು ವರ್ಷದ ಹಿಂದೆ ಪಲಟನ್ನುಗಳಿರುವ ಕ್ಯಾಂಪಿನ ಸಿನೇಮಾ ಡೇರೆಯಲ್ಲೂ ಬಾರಿಸತೊಡಗಿದ. ಆಗ ಮಠದ ಚನ್ನಬಸಯ್ಯನವರು, ಸಿನೇಮಾ ಮುಟ್ಟಿದ ಕೈ ಇಲ್ಲಿ ಬೇಡ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಆ ಮಾತು ಅವಳಿಗೆ ಈಗಲೂ ಉರಿಯುತ್ತಿತ್ತು.

*

ಆ ಡೇರೆಗೆ ಒಮ್ಮೆ ಮದ್ರಾಸಿನಿಂದ ಒಂದು ಸಂಸಾರದ ಚಿತ್ರ ಬಂದಿತ್ತು. ಪರದೆಯ ಮೇಲಿನವರು ಬಾಯಿ ಆಡಿಸುತ್ತಿದ್ದರೇ ಹೊರತು ದನಿ ಇರಲಿಲ್ಲ. ಮಾತೆಲ್ಲ ತಮಿಳು ಅಕ್ಷರದಲ್ಲಿ ಬರುತ್ತಿತ್ತು, ಸಂಗೀತ ಪರದೆಯ ಪಕ್ಕದಲ್ಲಿ ಕೂತ ಗುರುಪುತ್ರಪ್ಪನ ಪೇಟಿಯಿಂದ. ಮದ್ರಾಸಿ ಪಲಟನ್ನಿನ ಮನೆಮಂದಿಯೆಲ್ಲ ಬಂದು ನೆಲದ ಮೇಲೆ ಕೂತಿದ್ದರು. ಗುರುಪುತ್ರಪ್ಪನಿಗೆ ತಮಿಳಿನ ಒಂದಕ್ಷರವೂ ಬಾರದು. ಮುಖ ನೋಡಿ ಬಾರಿಸುವುದು, ಅಷ್ಟೇ.

ಕಡೆಯ ಭಾಗದಲ್ಲಿ ಮುದುಕಿಯೊಬ್ಬಳು ಗಂಟು ಹಿಡಿದು ಮನೆಯ ಮೆಟ್ಟಿಲು ಇಳಿದಳು. ಇಬ್ಬರು ಗಂಡುಮಕ್ಕಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಪಂಚಮಿಗೆ ತವರಿಗೆ ಹೊರಟಿದ್ದಾಳೆ, ವಯಸ್ಸಾದರೇನು ತವರು ತವರೇ, ಎಂದುಕೊಂಡ ಗುರುಪುತ್ರಪ್ಪ. ಪ್ರತಿ ಪಂಚಮಿಗೆ ಬಾಳವ್ವನನ್ನು ಖಾನಾಪುರಕ್ಕೆ ಬಿಡಲು ಹೋಗುವಾಗ, ರೈಲು ದೇಸೂರ ದಾಟಿತೆಂದರೆ ಅವನ ಬಾಯಲ್ಲಿ ಒಂದು ಧಾಟಿ ಬರುತ್ತಿತ್ತು. ಅವನೇ ಕಟ್ಟಿದ್ದು, ಮಾತಿಲ್ಲದ್ದು. ಅದನ್ನೇ ಬಾರಿಸಿದ.

ಡೇರೆಗೆ ಡೇರೆಯೇ ಬಿಕ್ಕಿ ಬಿಕ್ಕಿ ಅತ್ತಿತು.

ಹೆಂಗಸು ತವರಿಗೆ ಹೋದರೆ ಇವರಿಗೇನು ಕಷ್ಟ ಎಂದು ಅವನಿಗೆ ತಿಳಿಯಲಿಲ್ಲ. ಆಟ ಮುಗಿದ ಮೇಲೆ ಕೇಳಿದಾಗ, ಸಾಹೇಬರ ಬಂಗಲೆಯಲ್ಲಿ ಆಯಾ ಆಗಿದ್ದ ಮದ್ರಾಸಿನ ಪೊನ್ನಮ್ಮ ಕಣ್ಣೊರೆಸಿಕೊಳ್ಳುತ್ತ ಬಿಡಿಸಿ ಹೇಳಿದಳು. "ತವರು ಎಲ್ಲೀದು ಅಪ್ಪಾ? ಮಕ್ಕಳು ಹೊರಗ ಹಾಕಿದಾರು. ದಾರಿಯಾಗ ಸಾಯ್ತಾಳು ಆಕಿ."

ಗುರುಪುತ್ರಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ತಪ್ಪು ಬಾರಿಸಿದೆ ಎಂದು ಬಾಳವ್ವನ ಮುಂದೆ ತಲೆ ಚಚ್ಚಿಕೊಂಡ. ಮರುದಿನ ಮುದುಕಿ ಮೆಟ್ಟಿಲು ಇಳಿಯುವಾಗ ಅಳುವ ರಾಗ ಹಿಡಿದ. ಜನ ಗದ್ದಲ ಎಬ್ಬಿಸಿದರು. ಪೊನ್ನಮ್ಮ ಎದ್ದು ಪೇಟಿಯ ತನಕ ಬಂದೇಬಿಟ್ಟಳು. "ನಿನ್ನಿದು ಬಾರಿಸು. ಅದರಾಗ ಆಕಿ ಮನೀಗೆ ಹೋಗತಾಳು."

ಚಿತ್ರ ಮೂರು ವಾರ ನಡೆಯಿತು. ಮನೆಯಲ್ಲೂ ಅವನು ಅದನ್ನೇ ಬಾರಿಸುತ್ತಿದ್ದ. ಧಾಟಿ ಮತ್ತೆ ಬದಲಾಗಲಿಲ್ಲ.

*

ಚನ್ನಬಸಯ್ಯನವರು ಬಂದರು. ಕ್ರಿಯೆ ಎಲ್ಲ ಕ್ರಮದಂತೆ ಮುಗಿಸಿದರು. ಕೈ ತೊಳೆದುಕೊಂಡು ಹೊರಡಲು ನಿಂತಾಗ ಬಾಳವ್ವ ಎದ್ದಳು.

"ಅಜ್ಜಾರ, ಭಜನಿ?"

"ಕ್ರಿಯಾ ನನ್ನ ಕರ್ತವ್ಯ, ಮಾಡೇನಿ. ಭಜನಿ ಬ್ಯಾರೆ ಮಾತವ್ವಾ."

"ಹದಿನೆಂಟ ವರ್ಷ ಬಾರಿಸ್ಯಾರ್ರಿ. ತಾವಾಗಿ ಬಿಟ್ಟವರಲ್ಲ ಅವರು."

"ಬಿಡಿಸಿದಾಂವ ನಾನು ಅಂತೀಯೇನು?"

"ಹೌದ್ರಿ."

ಅಯ್ಯನವರು ಬಸಲಿಂಗಪ್ಪನ ಕಡೆ ನೋಡಿದರು. ಭಜನೆಯಲ್ಲಿ ದಮ್ಮಡಿ ಬಡಿಯುವವನು ಅವನೇ.

"ನೀ ಏನಂತೀ?"

"ದಮ್ಮಡಿ ತಂದೀನ್ರಿ ಅಜ್ಜಾರ," ಎಂದ ಬಸಲಿಂಗಪ್ಪ ನೆಲ ನೋಡುತ್ತ. "ಬಾಗಲ ಹಿಂದ ಇಟ್ಟೀನಿ. ಉಳಿದವರೂ ಓಣಿ ತುದಿಗೆ ನಿಂತಾರ್ರಿ."

ಅಯ್ಯನವರಿಗೆ ಸಿಟ್ಟು ಬಂತು, ಜೊತೆಗೆ ನಗುವೂ ಬಂದಿತ್ತೋ ಏನೋ, ಮೀಸೆಯಲ್ಲಿ ಮುಚ್ಚಿಹೋಯಿತು. "ಆತು. ಆದರ ನಮ್ಮ ಮಠದ್ದ ಹಾಡಬೇಕು. ಸಿನೇಮಾದ್ದು ಒಂದು ಸ್ವರಾನೂ ನನ್ನ ಕಿವಿಗೆ ಬೀಳಬಾರದು."

ಬಾಳವ್ವ ತಲೆಯಾಡಿಸಿದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು. ಮಾಯಪ್ಪ ಅದನ್ನು ದುಃಖವೆಂದು ತಿಳಿದ.

ಹೆಣವನ್ನು ಹೂವಿನ ವಿಮಾನದಲ್ಲಿ ಕೂರಿಸಿ ಎತ್ತಿದರು. ಚನ್ನಬಸಯ್ಯನವರು ತಾಳ ಹಿಡಿದು ಮುಂದಾದರು. ಸೋಮವಾರದ ಭಜನೆಯ ಕೊನೆಯಲ್ಲಿ ಹಾಡುವ ಶಿವನ ಹಾಡು ಶುರುವಾಯಿತು. ಬಾವಿಯ ತಿರುವಿಗೆ ಬರುವಷ್ಟರಲ್ಲಿ ಕ್ಯಾಂಪಿನಿಂದ ನಡೆದುಬಂದ ಪೊನ್ನಮ್ಮ ಎದುರಾದಳು. ಕೈಯಲ್ಲಿ ಮಲ್ಲಿಗೆ ಹಾರ. ಎರಡು ಹೆಜ್ಜೆ ಬಂದವಳು ಗಕ್ಕನೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ, ಇದು ನಮ್ಮ ಸಿನೇಮಾದು ಹಾಡು! ಆ ತಾಯೀದು! ಇವರಿಗೆ ಯಾರು ಕೊಟ್ಟಾರು?"

ತಾಳ ನಿಂತಿತು.

"ಏನಂದಿ?" ಅಂದರು ಅಯ್ಯನವರು. "ಇದು ನಮ್ಮ ಮಠದ್ದು, ಹಳೇ ಧಾಟಿ. ಯಾರ ತಂದರೋ ಇದನ್ನ, ಬಸಲಿಂಗಪ್ಪಾ?"

ಬಸಲಿಂಗಪ್ಪನ ಮುಖ ಬಿಳಿಚಿತು. "ನಾನ ರೀ. ನಮ್ಮನಿಯಾಕಿ ನೂಲ ಸುತ್ತುವಾಗ ಹಾಡತಿದ್ಲು. ಬಾಜೂಮನಿ ಗ್ವಾಡ್ಯಾಗಿಂದ ಕೇಳಿ ಕಲತಾಳ, ನನಗೇನ ಗೊತ್ತು? ಹಳೇದ ಅಂತ ತಿಳಕೊಂಡು ಮಠಕ್ಕ ತಂದೆ."

ಬಸಲಿಂಗಪ್ಪನ ಪಕ್ಕದ ಮನೆ ಯಾರದೆಂದು ಯಾರೂ ಕೇಳಬೇಕಾಗಲಿಲ್ಲ. ಎಲ್ಲರೂ ಈಗತಾನೆ ಅಲ್ಲಿಂದಲೇ ಹೊರಟು ಬಂದಿದ್ದರು.

ಚನ್ನಬಸಯ್ಯನವರು ಬಾಳವ್ವನ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಅವಗ?"

"ಎರಡ ವರ್ಷ ಆತ್ರಿ. ಸೋಮವಾರ ಬಂದ್ರ ಸಾಕು, ಕಟ್ಟಿ ಮ್ಯಾಲ ಕುಂತ ನಿಮ್ಮದು ಕೇಳತಿದ್ರು. ನಾ ಹೋಗಿ ಹೇಳತೇನಿ ಅಂದ್ರ, ಹೇಳಬ್ಯಾಡ, ಹೇಳಿದರ ನಿಲ್ಲಸತಾರ, ಅಂತಿದ್ರು." ಬೆಳಗಿನಿಂದ ಅಳದವಳಿಗೆ ಈಗ ಅಳು ಬಂತು. "ಈಗ ನಿಲ್ಲಸಬ್ಯಾಡ್ರಿ ಅಜ್ಜಾರ."

ಹೊತ್ತವರು ಹೆಗಲು ಬದಲಿಸಿದರು. ಅಯ್ಯನವರು ತಾಳ ಕೆಳಗಿಳಿಸಿದರು. ಮಾತಾಡಿದಾಗ ದನಿ ಸಣ್ಣದಾಗಿತ್ತು.

"ಕೇಳಿ ಏನಂತಿದ್ದಾ?"

"ಛಲೋ ಹಾಡತಾರ ಅಂತಿದ್ರು. ಎರಡನೇ ಸಾಲಿನ ಏರು ಮಾತ್ರ ತಪ್ಪ ಅಂತ ನಗತಿದ್ರು."

"ಖರೇ ಹೆಂಗ ಐತಿ ಅದು?"

"ನನಗ ಹಾಡಾಕ ಬರೂದಿಲ್ರಿ."

ಚನ್ನಬಸಯ್ಯನವರು ಪೊನ್ನಮ್ಮನ ಕಡೆ ನಡೆದರು. "ನಿನಗ ಬರತೈತೇನ, ತಂಗೀ?"

ಪೊನ್ನಮ್ಮ ಮೂಗು ಒರೆಸಿಕೊಂಡಳು. ಕಣ್ಣು ಮುಚ್ಚಿ, ಮಾತಿಲ್ಲದೆ, ಎರಡನೆಯ ಸಾಲನ್ನು ಮೆಲ್ಲಗೆ ಎತ್ತಿದಳು. ಅಯ್ಯನವರು ಅವಳತ್ತ ಕಿವಿ ಬಾಗಿಸಿ ನಿಂತರು. ಎರಡೂ ತಾಳ ಒಂದಕ್ಕೊಂದು ತಾಗದಂತೆ ದೂರ ಹಿಡಿದಿದ್ದರು. ತುಟಿ ಮಾತ್ರ ಅವಳ ಹಿಂದೆ ಹಿಂದೆ ಆಡುತ್ತಿತ್ತು.