ಆಲಿನ ಬಣ್ಣ

ದುದ್ದದ ಕಮಲಾಕ್ಷಮ್ಮನಿಗೆ ಸಿಟ್ಟು ಬರುವುದು ವರ್ಷಕ್ಕೊಂದು ಸಲ. ಬಂತೋ, ಕೊಟ್ಟಿಗೆಯ ಹಸುಗಳೂ ಮೇವು ಬಿಟ್ಟು ಕಿವಿ ನಿಮಿರಿಸುತ್ತವೆ. ಈ ವರ್ಷದ್ದು ಅವಳು ಅರಕಲಗೂಡಿನಿಂದ ವಾಪಸು ಬಂದ ದಿನ ಬಂತು. ತಂಗಿಯ ಮಗಳ ಬಾಣಂತನಕ್ಕೆ ಹೋಗಿ ಹನ್ನೆರಡು ದಿನ ಇದ್ದು ಬಂದವಳು, ಬಸ್ಸಿಳಿದು ಹಳೆ ಮನೆಗೂ ಹೋಗದೆ, ಕೈಚೀಲ ಹಿಡಿದುಕೊಂಡೇ ಹೊಸ ಮನೆಗೆ ನಡೆದಳು. ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಹೋಗಿ, ಹತ್ತು ಹೆಜ್ಜೆ ಹಾಕಿ ನಿಂತುಬಿಟ್ಟಳು.

ನಡುಮನೆಯನ್ನು ಈಗ ಎಲ್ಲರೂ ಹಾಲ್ ಎನ್ನುತ್ತಾರೆ. ದುದ್ದದಲ್ಲಿ ಆಲ್ ಎನ್ನುತ್ತಾರೆ. ಆ ಆಲಿನ ನೆಲಕ್ಕೆ ಅವಳೇ ಚನ್ನರಾಯಪಟ್ಟಣದ ಅಂಗಡಿಯಲ್ಲಿ ಅರ್ಧ ದಿನ ಕೂತು ಆರಿಸಿದ ಕಾಫಿಪುಡಿ ಬಣ್ಣದ ಟೈಲ್ಸ್ ಹಾಕಿಯಾಗಿತ್ತು. ಅದು ಮುಗಿದು ಅಡುಗೆಮನೆ ಶುರುವಾಗುವಲ್ಲಿ, ಗೆರೆ ಎಳೆದ ಹಾಗೆ, ಬೆಳ್ಳಂಬೆಳ್ಳಗೆ ಇನ್ನೊಂದು ನೆಲ.

ಆ ಎರಡರ ಮಧ್ಯೆ ನಕ್ಷೆಯಲ್ಲಿ ಒಂದು ಗೋಡೆ ಇತ್ತು. ಪಟ್ಟು ಹಿಡಿದು ಅದನ್ನು ತೆಗೆಸಿದವಳು ಕಮಲಾಕ್ಷಮ್ಮನೇ. 'ಒಗ್ರಣೆ ಗಾಟು ಮುಂದುಕ್ಕೆಲ್ಲಾ ಬತ್ತದೆ ಕಣೇ' ಎಂದು ಗಂಡ ನಂಜಯ್ಯ ರಾಗ ಎಳೆದಾಗ, 'ಬರ್ಲಿ, ನಿಮ್ಗೂ ಮೂಗದಲ್ಲ' ಎಂದು ಬಾಯಿ ಮುಚ್ಚಿಸಿದ್ದಳು. ಗೋಡೆ ಹೋಯಿತು, ಈಗ ಅದು ಮಲಗಿಕೊಂಡು ವಾಪಸು ಬಂದಿದೆ ಎಂದು ಅವಳಿಗೆ ಅನ್ನಿಸಿತು.

ಮನೆ ಕಟ್ಟುತ್ತಿದ್ದವನು ಹೊಳೆನರಸೀಪುರದ ಕಡೆಯ ಹಳ್ಳಿಮೈಸೂರಿನ ಸಿದ್ದೇಶ. ಇಂಜಿನಿಯರಿಂಗ್ ಪಂಜಿನಿಯರಿಂಗ್ ಏನೂ ಓದಿದವನಲ್ಲ. ಈ ಸುತ್ತಿನಲ್ಲಿ ಹದಿನಾರು ಮನೆ ಕಟ್ಟಿದ್ದೇನೆ, ಒಂದೂ ಸೋರಿಲ್ಲ ಎಂದು ಹೇಳಿಕೊಳ್ಳುತ್ತಾನೆ. ಅದು ನಿಜವೂ ಹೌದು. ಕಮಲಾಕ್ಷಮ್ಮ ಫೋನು ಮಾಡಿದ ಒಂದೂವರೆ ಗಂಟೆಗೆ ಬೈಕಿನಲ್ಲಿ ಬಂದಿಳಿದ.

"ಏನಪ್ಪಾ ಇದು?" ಎಂದಳು ಕಮಲಾಕ್ಷಮ್ಮ.

"ನೆಲ ಕಣಕ್ಕ."

"ನೆಲ ಅಂತ ನಂಗೂ ಗೊತ್ತು. ಯಾರನ್ನ ಕೇಳಿ ಬಿಳೀದು ಆಕ್ದೆ?"

"ನೀವೇ ಯೋಳಿದ್ರಲ್ಲಕ್ಕ, ಆಲಿನ ಬಣ್ಣದ್ದೇ ಆಕು ಅಂತ."

"ಊಂ, ಅಂದೆ. ಆಲಿನ ಬಣ್ಣದ್ದೇ ಆಕು ಅಂದೆ."

"ಆಕಿವ್ನಿ."

"ಇದಾ ಆಲಿನ ಬಣ್ಣ?"

"ಇನ್ನೇನಕ್ಕ, ಆಲು ಕಾಫಿ ಬಣ್ಣಕ್ಕಿರ್ತದಾ?"

ಗ್ರಹಚಾರ ಎಲ್ಲಿ ಬಂದು ವಕ್ಕರಿಸಿದೆ ಎಂದು ಕಮಲಾಕ್ಷಮ್ಮನಿಗೆ ಆಗ ತಿಳಿಯಿತು. ನಮ್ಮ ಕಡೆ ಕುಡಿಯುವುದೂ ಆಲೇ, ನೆಂಟರನ್ನು ಕೂರಿಸುವುದೂ ಆಲೇ. ಪೇಟೆಯವರು ಬಾಯಿ ದುಂಡಗೆ ಮಾಡಿ ಎರಡಕ್ಕೂ ಬೇರೆ ಬೇರೆ ಸ್ವರ ಕೊಡುತ್ತಾರಂತೆ. ನಮಗೆ ಅಷ್ಟೆಲ್ಲ ಪುರುಸೊತ್ತಿಲ್ಲ. ಸಿದ್ದೇಶನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಬೆಳಿಗ್ಗೆ ಸಂಜೆ ಡೇರಿಗೆ ಕ್ಯಾನು ಹೊರುವ ಹೆಂಗಸು ಆಲಿನ ಬಣ್ಣ ಕೇಳಿದರೆ ಅವನಾದರೂ ಯಾವ ಆಲು ಅಂದುಕೊಳ್ಳಬೇಕು?

ಆದರೂ ಅವಳು ಸೋಲಲಿಲ್ಲ. "ಅಡ್ಗೆಮನೆಗೂ ಅಂದಿವ್ನಿ. ಮನೆಗೂ ಅಂದ್ರೆ ಏನರ್ಥ? ಮುಂದ್ಗಡೆ ಇರೋದೇ ಇಲ್ಲಿಗೂ ಅಂತ."

"ಮನೆಗೆ ಅಂದಿದ್ದೀರಿ ಕಣಕ್ಕ. ಊ ಇರ್ನಿಲ್ಲ."

ಹಾಸನದಲ್ಲಿ ಡಿಗ್ರಿ ಓದುವ ಮಗಳು ಪ್ರೇಕ್ಷಾ ಅಷ್ಟರಲ್ಲಿ ಸಂಜೆ ಬಸ್ಸಿಗೆ ಬಂದಳು. ಇಬ್ಬರ ಮುಖ ನೋಡಿ, ವಿಷಯ ಕೇಳಿ, "ಅದಕ್ಯಾಕೆ ಜಗಳ, ಅಮ್ಮ ಅಲ್ಲಿಂದ ಕಳಿಸಿದ ವಾಯ್ಸ್ ಮೆಸೇಜ್ ಇರುತ್ತಲ್ಲ" ಎಂದು ಸಿದ್ದೇಶನ ಫೋನು ಇಸಿದುಕೊಂಡಳು. ಎಲ್ಲರೂ ಸುತ್ತ ನಿಂತರು. ಫೋನಿನೊಳಗಿಂದ ಅರಕಲಗೂಡಿನ ಕಮಲಾಕ್ಷಮ್ಮ ಮಾತಾಡಿದಳು.

"ಸಿದ್ದೇಶಾ, ಅಡ್ಗೆಮನೆಗ..." ಎನ್ನುವಷ್ಟರಲ್ಲಿ ತಂಗಿಯ ಮನೆಯ ಹಸು ಪಕ್ಕದಲ್ಲೇ ಅಂಬಾ ಎಂದಿತು. ಆಮೇಲೆ, "ಆಲಿನ ಬಣ್ಣದ್ದೇ ಆಕ್ಬುಡಪ್ಪ. ಬ್ಯಾರೆ ಬಣ್ಣ ಬ್ಯಾಡ."

ಇನ್ನೊಮ್ಮೆ ಹಾಕಿದರು. ಹಸು ಅದೇ ಜಾಗದಲ್ಲಿ ಅಂಬಾ ಎಂದಿತು. ಮೂರನೇ ಸಲವೂ ಅಷ್ಟೇ.

"ಅಸ ಮಾತ್ರ ಚೆಂದಾಗಿ ಕೇಳ್ತದೆ" ಎಂದ ನಂಜಯ್ಯ. ಹೆಂಡತಿ ಒಮ್ಮೆ ನೋಡಿದಳು, ಅವನು ನಲ್ಲಿಗೆ ವಾಷರ್ ಹಾಕಿದ್ದಾರಾ ನೋಡಲು ಹಿತ್ತಲಿಗೆ ಹೋದ.

ಕಾಫಿ ಬಣ್ಣದ್ದು ಇನ್ನಷ್ಟು ತರಿಸೋಣವೆಂದರೆ ಆ ಲಾಟ್ ಮುಗಿದಿತ್ತು. ಹೊಸದು ಬಂದರೂ ಒಂದು ಛಾಯೆ ತಿಳಿಯಾಗಿರುತ್ತದೆ, ಹಳೆಯದರ ಪಕ್ಕದಲ್ಲಿಟ್ಟರೆ ತೇಪೆ ಹಾಕಿದ ಹಾಗೆ ಕಾಣುತ್ತದೆ ಎಂದು ಅಂಗಡಿಯವರು ಹೇಳಿದರು. ಗೃಹಪ್ರವೇಶಕ್ಕೆ ಉಳಿದಿದ್ದು ಹನ್ನೊಂದು ದಿನ.

"ನಾಕು ದಿನ ಓದ್ರೆ ಕಣ್ಣಿಗೆ ಒಗ್ಗೋಯ್ತದೆ ಬುಡಿ" ಎಂದ ಸಿದ್ದೇಶ.

"ಒಗ್ಗಿಸ್ಕಂಡೇ ಬಂದಿವ್ನಿ. ಇನ್ ಆಗಕ್ಕಿಲ್ಲ."

"ಕಿತ್ತಾಕು ಅನ್ನಿ, ಕಿತ್ತಾಕ್ತೀನಿ. ತೆಪ್ಪು ಮಾಡ್ದೆ ಅಂತ ಮಾತ್ರ ಅನ್ಬ್ಯಾಡಿ" ಎಂದವನು ಬೈಕು ಒದ್ದು ಹೊರಟೇಹೋದ. ಎರಡು ದಿನ ಆಳೂ ಇಲ್ಲ, ಮೇಸ್ತ್ರಿಯೂ ಇಲ್ಲ. ಕಮಲಾಕ್ಷಮ್ಮನೂ ಫೋನು ಮಾಡಲಿಲ್ಲ. ಬಿಗುಮಾನ ಇಬ್ಬರಿಗೂ ಒಂದೇ ಅಳತೆಯದ್ದು.

ಮೂರನೆಯ ದಿನ ಬೆಳಿಗ್ಗೆ ಮನಸ್ಸು ತಡೆಯದೆ ಸಿದ್ದೇಶ ಬಂದ. ಬಾಗಿಲಲ್ಲೇ ನಿಂತು ಒಳಗೆ ನೋಡಿದ. ಗಂಡ ಹೆಂಡತಿ ಹಳೆ ಮನೆಯಿಂದ ಡಬ್ಬಿಯಲ್ಲಿ ರೊಟ್ಟಿ ತಂದುಕೊಂಡು ತಿನ್ನುತ್ತಿದ್ದರು. ನಂಜಯ್ಯ ಕಾಫಿ ಬಣ್ಣದ ನೆಲದ ಮೇಲೆ ಕಾಲು ನೀಡಿಕೊಂಡು ಕೂತಿದ್ದ. ಕಮಲಾಕ್ಷಮ್ಮ ಅವನಿಂದ ಅಷ್ಟು ದೂರ, ಬಿಳಿ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ಒಲೆಯಿಲ್ಲ, ಪಾತ್ರೆಯಿಲ್ಲ, ಅಲ್ಲಿ ಕೂರಲು ಒಂದು ಕಾರಣವೂ ಇಲ್ಲ.

"ಯಾಕಕ್ಕ ಅಷ್ಟು ದೂರ ಕುಂತಿದ್ದೀರಿ?" ಎಂದ.

ಅವಳು ತನ್ನ ಕೆಳಗಿನ ನೆಲ ನೋಡಿದಳು. ಕೈಯಲ್ಲಿದ್ದ ರೊಟ್ಟಿ ಡಬ್ಬಿಯೊಳಗಿಟ್ಟಳು.

"ನೋಡ್ದಾ? ಯಾರೂ ಓಗು ಅನ್ನಿಲ್ಲ. ನಾನೇ ಬಂದು ಕುಂತ್ಕಂಡಿವ್ನಿ. ಗೆರೆ ಕಂಡ್ರೆ ಸಾಕು, ಕಾಲು ತಾನೇ ಇತ್ಲಾಗೆ ಬತ್ತದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೂವತ್ನಾಕು ವರ್ಸ ಒಳ್ಗೇ ಉಂಡಿವ್ನಿ ಕಣಪ್ಪ. ಮುಂದ್ಗಡೆ ಎಲ್ರೂ ನಗ್ತಿರ್ತಾರೆ. ಏನ್ಕೆ ಅಂತ ತಿಳೀದು. ಸಾರು ತಕ್ಕಂಡು ಬರೋ ಒತ್ಗೆ ನಗೋದು ಮುಗ್ದೋಗಿರ್ತದೆ. ಕೇಳುದ್ರೆ, ಏನಿಲ್ಲ ಬುಡು ಅಂತಾರೆ. ಅದುಕ್ಕೇ ಗೋಡೆ ತೆಗ್ಸಿದ್ದು. ನೆಲಾನೂ ಒಂದೇ ಆಗೋದ್ರೆ, ಎಲ್ಲಿ ಒಲೆ ಎಲ್ಲಿ ಆಲು ಅಂತ ಕಾಲ್ಗೂ ಗೊತ್ತಾಗ್ಬಾರ್ದು ಅಂತ."

ನಂಜಯ್ಯ ಬಾಯಲ್ಲಿದ್ದ ರೊಟ್ಟಿ ಅಗಿಯುವುದು ನಿಲ್ಲಿಸಿದ್ದ. "ಒಂದಿನಾನೂ ಯೋಳ್ನಿಲ್ವಲ್ಲೇ" ಎಂದ.

"ನೀವು ಕೇಳ್ನಿಲ್ಲ" ಎಂದಳು.

ಸಿದ್ದೇಶ ಬೈಕಿನ ಕೀಲಿ ಜೇಬಿಗೆ ಹಾಕಿಕೊಂಡು ಒಳಗೆ ಬಂದ. ಗೆರೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಆ ಕಡೆ ಮೂರು ಸಾಲು, ಈ ಕಡೆ ಮೂರು ಸಾಲು ಗುರುತು ಹಾಕಿದ.

"ಗೆರೆ ಕಾಣ್ಬಾರ್ದು, ಅಷ್ಟೇ ಅಲ್ವಾ ಅಕ್ಕ? ಮುಂದ್ಗಡೆದು ಒಳಕ್ಕೆ ಬರಾಕೆ ಆಗಕ್ಕಿಲ್ಲ ಅಂದ್ರೆ, ಒಳಗಿರೋದೇ ಮುಂದುಕ್ಕೆ ಓಗ್ಲಿ. ಈ ಆರು ಸಾಲು ಎಬ್ಬಿಸಿ ಎರಡ್ನೂ ಬೆರ್ಸಿಬುಡನ. ಚದುರಂಗದ ಮಣೆ ತರ ಅಲ್ಲ, ಕೈಗೆ ಬಂದಂಗೆ."

"ಎಬ್ಬಿಸ್ವಾಗ ಮುರುದ್ರೆ?"

"ಬಿಳೀದು ಇಪ್ಪತ್ತು ಉಳ್ದವೆ, ಸಾಕಾಯ್ತದೆ. ಮುರುದ್ರೆ ತೆಪ್ಪು ನಂದೇ. ಅದೊಂದು ಒಪ್ಕತೀನಿ."

ಕಮಲಾಕ್ಷಮ್ಮನಿಗೆ ನಗು ಬಂತು. "ನಂದೂ ಅದೆ ಬುಡು. ಅಸಿನ ಪಕ್ಕ ನಿಂತ್ಕಂಡು ಮೆಸೇಜ್ ಕಳಿಸ್ಬಾರ್ದಿತ್ತು. ರೊಟ್ಟಿ ತಿಂತೀಯಾ?"

ಬೆರೆಸುವುದು ಅಂದುಕೊಂಡಷ್ಟು ಸಲೀಸಾಗಲಿಲ್ಲ. ಟೈಲ್ಸ್ ಹಾಕುವ ಮೇಸ್ತ್ರಿಯ ಕೈ ಮೂವತ್ತು ವರ್ಷದಿಂದ ಸಾಲು ಹಿಡಿದು ಪಳಗಿದ್ದು. ಒಂದು ಬಿಳಿ ಇಟ್ಟರೆ ಮುಂದಿನದು ಕಾಫಿಯೇ ಇಡುತ್ತಿತ್ತು. ಕಡೆಗೆ ಕಮಲಾಕ್ಷಮ್ಮನೇ ಹಾಲು ಕರೆದು ಡೇರಿಗೆ ಹಾಕಿ ಬಂದು ಪಕ್ಕದಲ್ಲಿ ಕೂತಳು. "ಬಿಳೀದು. ಇನ್ನೊಂದು ಬಿಳೀದು. ಈಗ ಕಾಫಿ. ಮತ್ತೂ ಕಾಫಿ." ಆರೇಳು ಟೈಲ್ಸ್ ಮುರಿದವು. ಸಿದ್ದೇಶ ಮಾತಿಗೆ ತಪ್ಪದೆ ಒಂದೊಂದಕ್ಕೂ ತನ್ನ ತಲೆ ತಾನೇ ಮೊಟಕಿಕೊಂಡ.

ಗೃಹಪ್ರವೇಶದ ದಿನ ಹಾಲುಕ್ಕಿಸುವ ಒಲೆಯನ್ನು ಅವಳು ಆ ಬೆರಕೆ ನೆಲದ ಮೇಲೇ ಇಡಿಸಿದಳು. ಹೊಸ ಪಾತ್ರೆಯಿಂದ ಹಾಲು ಉಕ್ಕಿ ಹರಿಯಿತು. ಕಾಫಿ ಬಣ್ಣದ ಮೇಲೆ ಕಂಡಿತು, ಬಿಳಿಯ ಮೇಲೆ ಕಾಣೆಯಾಯಿತು, ಮುಂದೆ ಹೋಗಿ ಮತ್ತೆ ಕಂಡಿತು. ಬಾಗೂರಿನಿಂದ ಬಂದಿದ್ದ ನಂಜಯ್ಯನ ಅಕ್ಕ ನೀಲಾಂಬಿಕೆ ಎಲ್ಲವನ್ನೂ ತಿರುಗಿ ನೋಡಿ, "ಅಲ್ಲಪ್ಪಾ, ಇದ್ರಲ್ಲಿ ಆಲ್ ಎಲ್ಲೀಗಂಟ, ಅಡ್ಗೆಮನೆ ಎಲ್ಲಿಂದ?" ಎಂದು ಸಿದ್ದೇಶನನ್ನು ಕೇಳಿದಳು.

"ಎಲ್ಲಾ ಆಲೇ ಕಣವ್ವ" ಎಂದ ಸಿದ್ದೇಶ.

ಪೂಜೆಗೆ ಬಂದಿದ್ದ ಅಯ್ಯನವರ ಊಟ ಮುಗಿದು ಮನೆಯವರ ಪಂಕ್ತಿ ಹಾಕಿದರು. ಬಡಿಸಲು ಎದ್ದ ಕಮಲಾಕ್ಷಮ್ಮನ ಕೈಯಿಂದ ನಂಜಯ್ಯ ಸೌಟು ಇಸಿದುಕೊಂಡು ಪ್ರೇಕ್ಷಾಗೆ ಕೊಟ್ಟ. ತನ್ನ ಪಕ್ಕದ ಎಲೆ ತೋರಿಸಿ, "ಕುಂತ್ಕ" ಎಂದ. ಅವಳು ಕೂತಳು. ಅನ್ನದ ಮೇಲೆ ಸಾರು ಬಿದ್ದಿತು. ನಂಜಯ್ಯ ಗಂಟಲು ಸರಿಮಾಡಿಕೊಂಡು, ಅರಕಲಗೂಡಿನ ಹಸು ಎಲ್ಲಿ ಸರಿಯಾಗಿ ಅಂಬಾ ಎಂದಿತು ಎಂಬುದನ್ನು ಹಸುವಿನ ದನಿಯಲ್ಲೇ ಮಾಡಿ ತೋರಿಸಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕಮಲಾಕ್ಷಮ್ಮ ನಕ್ಕಳು. ಈ ಸಲ ಏನಕ್ಕೆ ಎಂದು ಅವಳು ಯಾರನ್ನೂ ಕೇಳಬೇಕಾಗಲಿಲ್ಲ.